ಪಕ್ಕದ ಸೀಟಿನ ಮಾತು

ಕಾರಿನ ಬಾಗಿಲಿನ ಮೇಲೆ ಪೆನ್ಸಿಲಿನಿಂದ ಗುಂಡಗೆ ಗೆರೆ ಎಳೆದು ಮುಕ್ಕಾಲು ಗಂಟೆಯಾಗಿದ್ದರೂ ಅದನ್ನು ಕೊಯ್ಯಲು ವೆಂಡಲ್‌ಗೆ ಕೈ ಬಂದಿರಲಿಲ್ಲ. ಒಳಗಿನ ಕಪ್ಪು ಹೊದಿಕೆಯನ್ನು ಬಿಚ್ಚಿ ಗ್ಯಾರೇಜಿನ ಬೆಂಚಿನ ಮೇಲೆ ಮಲಗಿಸಿದ್ದ. ಗಾಜನ್ನು ಪೂರ್ತಿ ಕೆಳಗಿಳಿಸಿ, ಕಡ್ಡಿ ತೂರಿಸಿ, ಸ್ಪೀಕರಿನ ಬೆನ್ನು ಗಾಜಿಗೆ ತಗಲುವುದಿಲ್ಲವೆಂದು ಎರಡು ಸಲ ಅಳೆದಿದ್ದ. ಅಳತೆಯಲ್ಲಿ ತಪ್ಪಿರಲಿಲ್ಲ. ತಪ್ಪಿದ್ದರೆ ಕೊಯ್ಯುವುದರಲ್ಲೇ ಇತ್ತು. ಎಪ್ಪತ್ತನೇ ಇಸವಿಯ ಶೆವೆಲ್ ಕಾರು ಅದು, ನಲವತ್ತೊಂದು ವರ್ಷದಿಂದ ಅವನ ಬಳಿ ಇದೆ. ಹುಟ್ಟಿದಾಗ ಎಲ್ಲೆಲ್ಲಿ ತೂತಿತ್ತೋ ಅಲ್ಲಿ ಬಿಟ್ಟರೆ ಮೈಮೇಲೆ ಇನ್ನೊಂದು ತೂತಿಲ್ಲ. ಆಗಸ್ಟಿನ ಮೂರನೇ ಶನಿವಾರ, ಹಳೇ ಕಾರುಗಳ ಮೆರವಣಿಗೆಯ ದಿನ, ವುಡ್‌ವರ್ಡ್ ರಸ್ತೆಯ ಅಂಚಿನಲ್ಲಿ ಬಾನೆಟ್ ಎತ್ತಿ, ಹಿಂದೆ ಮಡಚು ಕುರ್ಚಿ ಹಾಕಿಕೊಂಡು ಕೂತಾಗ, ತಿಳಿದವರು ಬಂದು ಕಿಟಕಿಯೊಳಗೆ ತಲೆ ಹಾಕಿ, ಬಾಗಿಲು ನೋಡಿ, 'ಕೊಯ್ದಿಲ್ಲ' ಎಂದಷ್ಟೇ ಹೇಳಿ ಹೋಗುತ್ತಾರೆ. ಆ ಒಂದು ಮಾತಿಗೆ ಅವನು ಇಡೀ ವರ್ಷ ಕಾಯುತ್ತಾನೆ. ಕೊಯ್ದ ಕಾರಾದರೆ ಎಂಜಿನ್ ಎಷ್ಟೇ ಗುಡುಗಲಿ, ಜನ ಸೌಜನ್ಯಕ್ಕೆ ತಲೆಯಾಡಿಸಿ ಪಕ್ಕದ ಕಾರಿಗೆ ಸರಿಯುತ್ತಾರೆ. ಅವನೂ ಎಷ್ಟೋ ಕಾರುಗಳ ಮುಂದೆ ಹಾಗೆಯೇ ತಲೆಯಾಡಿಸಿ ಸರಿದವನು.

ಇವತ್ತು ಗುರುವಾರ. ಶನಿವಾರ ವುಡ್‌ವರ್ಡ್, ಭಾನುವಾರ ಹೆಂಡತಿ ನೆಲ್ಡಾ ಹೊರಡುತ್ತಾಳೆ. ಟೆನೆಸಿಯಲ್ಲಿರುವ ಅಕ್ಕ ವರ್ನಾಳ ಮನೆಗೆ, ಚಳಿಗಾಲ ಕಳೆಯುವವರೆಗೆ ಎನ್ನುತ್ತಾಳೆ. ಆದರೆ ಹಜಾರದಲ್ಲಿ ಕಟ್ಟಿಟ್ಟ ಗಂಟುಗಳಲ್ಲಿ ಹೊಲಿಗೆ ಯಂತ್ರವೂ ಇದ್ದದ್ದನ್ನು ವೆಂಡಲ್ ಸೋಮವಾರವೇ ನೋಡಿದ್ದ. ಚಳಿಗಾಲಕ್ಕೆ ಹೋಗುವವಳಿಗೆ ಹೊಲಿಗೆ ಯಂತ್ರ ಯಾಕೆ ಎಂದು ಕೇಳಲು ಬಾಯಿ ಬರಲಿಲ್ಲ. ಕೇಳಿದರೆ ಉತ್ತರ ಬರುತ್ತದೆ. ಜುಲೈಯಲ್ಲಿ ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿ ಸರಿಸಿದ ಹಾಗೆ ಅವಳು ಆ ಸುದ್ದಿ ಸರಿಸಿದ್ದಳು: ವರ್ನಾಗೆ ಹೇಳಿಯಾಗಿದೆ, ಅವಳ ಅಳಿಯ ಪಿಕಪ್ ತರುತ್ತಾನೆ. ಹೋಗುವುದಕ್ಕಿಂತ ಹೆಚ್ಚು ಚುಚ್ಚಿದ್ದು ಅದು. ನಲವತ್ತಮೂರು ವರ್ಷ ಜೊತೆಗಿದ್ದವಳು ಹೋಗಲೇ, ಬೇಡವೇ ಎಂದು ಒಂದು ಮಾತು ಕೇಳಬಾರದಿತ್ತೆ? ಕೇಳಿದ್ದರೆ ಬೇಡ ಎನ್ನುತ್ತಿದ್ದ. ಕೇಳದಿದ್ದ ಮೇಲೆ ತಾನಾಗಿ ಹೇಳುವುದು ಹೇಗೆ? ಹೋಗುವವಳ ಕಾಲು ಹಿಡಿಯುವವನಂತೆ ಕಾಣುವುದಿಲ್ಲವೆ? ಹಾಗಾಗಿ, 'ಸರಿ, ಅಲ್ಲಿ ಬೆಚ್ಚಗಿರುತ್ತೆ' ಎಂದಿದ್ದ. ಅವಳು ತಟ್ಟೆ ಎತ್ತಿಕೊಂಡು ಎದ್ದು ಹೋಗಿದ್ದಳು.

ಜೂನ್‌ನಿಂದ ಅವಳು ಈ ಕಾರನ್ನೂ ಹತ್ತಿಲ್ಲ. ಇಷ್ಟು ವರ್ಷ ವುಡ್‌ವರ್ಡಿಗೆ ಪಕ್ಕದ ಸೀಟಿನಲ್ಲಿ ಕೂತು ಬಂದವಳು, ಈ ವರ್ಷ ಬರುವುದಿಲ್ಲ ಎಂದಳು. ಯಾಕೆ ಎಂದದ್ದಕ್ಕೆ, "ಆ ಕಾರಲ್ಲಿ ಕೂತು ನಿನ್ ಹತ್ರ ಮಾತಾಡೋದೂ ಒಂದೇ, ಗೋಡೆ ಹತ್ರ ಮಾತಾಡೋದೂ ಒಂದೇ," ಎಂದಳು. ಆ ಮಾತನ್ನು ವೆಂಡಲ್ ವಾರವಿಡೀ ಮಗುಚಿ ಮಗುಚಿ ನೋಡಿದ. ಕಾರಿನಲ್ಲಿ ಎಂದಳಲ್ಲ. ಮನೆಯಲ್ಲಿ ಎನ್ನಲಿಲ್ಲ. ಹಾಗಾದರೆ ದೋಷ ಕಾರಿನದು. ಎಂಜಿನ್ನಿನ ಗುಡುಗು ಒಂದು ಕಡೆ, ಬರೀ ಗುಮ್ಮೆನ್ನುವ ಹಾಡು ಇನ್ನೊಂದು ಕಡೆ, ನಡುವೆ ಹೆಂಗಸಿನ ತೆಳುದನಿ ಕೇಳುವುದಾದರೂ ಹೇಗೆ? ಹಾಡು ಸ್ಪಷ್ಟವಾಗಿದ್ದರೆ ಸಣ್ಣಗೆ ಇಡಬಹುದು, ಸಣ್ಣಗಿಟ್ಟರೆ ಮಾತಾಡಬಹುದು, ಮಾತಾಡುವಂತಿದ್ದರೆ ಶನಿವಾರ ಅವಳು ಬಂದು ಕೂರುತ್ತಾಳೆ. ಕೂತರೆ, ವುಡ್‌ವರ್ಡಿನಲ್ಲಿ ಕಾರುಗಳು ನಡೆಯುವವರಿಗಿಂತ ನಿಧಾನ ಸಾಗುವ ಆ ಹೊತ್ತಿನಲ್ಲಿ, ಹೋಗಬೇಡ ಎನ್ನುವ ಮಾತು ಹೇಗೋ ಬಾಯಿಗೆ ಬಂದೀತು. ಮೊದಲು ಡ್ಯಾಶಿನ ನಡುವಿನ ಒಂಟಿ ಸ್ಪೀಕರ್ ತೆಗೆದು ಹೊಸದನ್ನು ಹಳೇ ರೇಡಿಯೊಗೆ ಜೋಡಿಸಿದ. ಹೊಸದು ಎಳೆದಷ್ಟು ಕರೆಂಟು ಕೊಡಲಾರದೆ ರೇಡಿಯೊ ಮೂರನೇ ಹಾಡಿಗೇ ಹೊಗೆಯಾಡಿತು. ಕಾರು ಬಿಚ್ಚಿ ಕಟ್ಟುವುದರಲ್ಲಿ ಇಷ್ಟು ವರ್ಷ ಕಳೆದವನು ಮಾಡುವ ತಪ್ಪಲ್ಲ ಅದು, ನಾಚಿಕೆಯಾಗಿ ಯಾರಿಗೂ ಹೇಳಲಿಲ್ಲ. ಹಳೇ ಮುಖ, ಹೊಸ ಹೊಟ್ಟೆಯ ಒಂದು ರೇಡಿಯೊ ತರಿಸಿ ಕೂರಿಸಿದ. ಕಾಲಿನ ಪಕ್ಕದ ಗೋಡೆಗೆ ಎರಡು ಸ್ಪೀಕರ್, ಹಿಂದಿನ ಗಾಜಿನ ಕೆಳಗೆ ಎರಡು. ಆದರೂ ಹಾಡಿಗೆ ಕಂಬಳಿ ಹೊದಿಸಿದ ಹಾಗೇ ಇತ್ತು. ಡ್ರಮ್ಮಿನ ಪಕ್ಕದ ಕಂಚಿನ ತಟ್ಟೆಯ ಸದ್ದು, ಹಾಡುವವನು ಸಾಲಿನ ಕೊನೆಯಲ್ಲಿ ಎಳೆದುಕೊಳ್ಳುವ ಉಸಿರು, ಅವೆಲ್ಲ ಎಲ್ಲಿ ಹೋಗುತ್ತಿವೆ? ಉಳಿದದ್ದು ಬಾಗಿಲು, ಕಿವಿಗೆ ಹತ್ತಿರ. ಬಾಗಿಲನ್ನು ಕೊಯ್ಯಬೇಕು.

ಜೂನ್‌ನ ಆ ದಿನ ಅವನಿಗೆ ಚೆನ್ನಾಗಿ ನೆನಪಿದೆ, ಈ ಬೇಸಿಗೆಯಲ್ಲಿ ನೆನಪಿಟ್ಟುಕೊಳ್ಳುವಂಥ ದಿನ ಅದೊಂದೇ. ಸರೋವರದ ಕಡೆ ಹೋಗಿ ಕರಿದ ಮೀನು ತಿಂದು ಮರಳುತ್ತಿದ್ದರು. ಕಿಟಕಿ ಇಳಿಸಿದ್ದ. ನೆಲ್ಡಾ ತಲೆಗೆ ವಸ್ತ್ರ ಕಟ್ಟಿಕೊಂಡಿದ್ದಳು. ದಾರಿಯುದ್ದಕ್ಕೂ ಏನೋ ಹೇಳುತ್ತಿದ್ದಳು, ಅವನು ರಸ್ತೆ ನೋಡುತ್ತಾ ಹೂಂ ಎನ್ನುತ್ತಿದ್ದ. ಹೂಂ ಎನ್ನುವುದರಲ್ಲಿ ಅವನು ಪಳಗಿದವನು. ಅವಳ ದನಿ ಮೇಲೇರಿದರೆ 'ಹೌದಾ', ಕೆಳಗಿಳಿದರೆ 'ಪಾಪ', ನಿಂತರೆ 'ಒಳ್ಳೇದು'. ಅದನ್ನು ಮೋಸ ಎಂದುಕೊಂಡಿರಲಿಲ್ಲ, ದಾಂಪತ್ಯ ಎಂದುಕೊಂಡಿದ್ದ. ಒಂದು ಕಡೆ ಅವಳು ಬಹಳ ಹೊತ್ತು ಮಾತಾಡಿ ನಿಲ್ಲಿಸಿದಳು, ಅವನು 'ಒಳ್ಳೇದು, ಒಳ್ಳೇದು' ಎಂದು, ಇಷ್ಟದ ಹಾಡು ಬಂತೆಂದು ಸದ್ದು ಜಾಸ್ತಿ ಮಾಡಿದ. ಅವಳು ತಲೆವಸ್ತ್ರ ಬಿಚ್ಚಿ ತೊಡೆಯ ಮೇಲಿಟ್ಟು ಮಡಚತೊಡಗಿದಳು, ಮನೆ ಬರುವವರೆಗೂ ಮಡಚುತ್ತಲೇ ಇದ್ದಳು. ಗಾಳಿಗೆ ಅವಳ ನರೆಗೂದಲು ಹಾರುವುದು ಚಂದ ಎಂದುಕೊಂಡಿದ್ದ.

ಹನ್ನೆರಡಕ್ಕೆ ಊಟ. ಹುರಿದ ಬಲೋನಿ ಮಾಂಸ ಇಟ್ಟ ಬ್ರೆಡ್ಡು, ಸೌತೆಯ ಉಪ್ಪಿನಕಾಯಿ, ಐಸ್ ಹಾಕಿದ ಚಹಾ. ನೆಲ್ಡಾ ಎದುರಿಗೆ ಕೂತಳು. ಅರವತ್ತೈದರಲ್ಲೂ ಬೆನ್ನು ನೆಟ್ಟಗಿತ್ತು, ಇಪ್ಪತ್ತಾರು ವರ್ಷ ಶಾಲೆಯ ಅಡುಗೆಮನೆಯಲ್ಲಿ ನಿಂತು ಬಡಿಸಿದ ಬೆನ್ನು.

"ಬಾಗಿಲು ಕೊಯ್ತೀಯಂತೆ," ಎಂದಳು.

"ಯಾರಂದ್ರು?"

"ರೂಫಸ್ ಫೋನ್ ಮಾಡಿದ್ದ. ನಿಂಗೆ ತಲೆ ಕೆಟ್ಟಿದೆಯಾ ಅಂತ ನನ್ನ ಕೇಳ್ದ. ನಾನೇನು ಹೇಳ್ಲಿ?"

"ಶನಿವಾರ ಒಂದ್ಸಲ ಕೂತು ನೋಡು. ಸ್ವಲ್ಪ ಕೆಲಸ ಬಾಕಿ. ಆಮೇಲೆ ಸಣ್ಣಗೆ ಇಟ್ರೂ ಎಲ್ಲಾ ಬಿಡಿಬಿಡಿಯಾಗಿ ಕೇಳ್ಸುತ್ತೆ."

"ಹಾಡು ಕೇಳೋಕೆ ನಾನ್ಯಾಕೆ ಬೇಕು ವೆಂಡಲ್?" ಅವಳು ಎದ್ದು ಸಿಂಕಿನ ಕಡೆ ತಿರುಗಿದಳು. ಅಲ್ಲಿಗೆ ಮಾತು ಮುಗಿಯಿತು ಎಂದುಕೊಂಡ. ಆದರೆ ಅವಳ ಭುಜ ಅಲ್ಲಾಡುತ್ತಿತ್ತು, ಒಂದು ಕೈ ಗಾಳಿಯಲ್ಲಿ ಏನನ್ನೋ ಬಿಡಿಸುತ್ತಿತ್ತು. ಸಿಂಕಿನ ಮುಂದೆ ನಿಂತು ಗೊಣಗುವುದು ಈಚೆಗೆ ಅವಳಿಗೆ ಅಂಟಿದ ಚಾಳಿ. ವಯಸ್ಸಾದಂತೆ ಎಲ್ಲರೂ ಗೊಣಗುತ್ತಾರೆ. ಸಾಂಕ್ರಾಮಿಕದ ಆ ಎರಡು ವರ್ಷ, ಊರಿಗೆ ಊರೇ ಮೂಗು ಬಾಯಿ ಮುಚ್ಚಿಕೊಂಡು ಓಡಾಡುತ್ತಿದ್ದಾಗ, ತಮ್ಮ ಹೇಜಲ್ ಪಾರ್ಕ್ ಊರಿನಲ್ಲಿ ಒಬ್ಬನಾದರೂ ಬಿಡಿಸಿ ಮಾತಾಡುತ್ತಿರಲಿಲ್ಲ. ಔಷಧಿ ಅಂಗಡಿಯ ಹುಡುಗಿ ಮೂರು ಸಲ ಅದೇನನ್ನೋ ಕೇಳಿ, ಕೊನೆಗೆ ಚೀಟಿಯಲ್ಲಿ ಬರೆದು ತೋರಿಸಿದ್ದಳು: ನಿಮ್ಮ ಹುಟ್ಟಿದ ದಿನ ಯಾವುದು? ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಕ್ಕಿದ್ದು ಕೇಳಿಸಲಿಲ್ಲ, ತಿರುಗಿದಾಗ ಮುಚ್ಚಿದ ಬಟ್ಟೆಯ ಮೇಲೆ ಕಣ್ಣುಗಳು ಕಿರಿದಾಗಿದ್ದು ಕಾಣಿಸಿತು. ಮನೆಗೆ ಬಂದು ಈಗಿನ ಹುಡುಗಿಯರಿಗೆ ಬಾಯಿಯೇ ಇಲ್ಲ ಎಂದು ಬೈದಿದ್ದ. ಈಗ ನೆಲ್ಡಾ ಸಿಂಕಿನಿಂದ ತಿರುಗಿ ಅವನನ್ನೇ ನೋಡಿದಳು, ಉತ್ತರಕ್ಕೆ ಕಾಯುವವಳ ಹಾಗೆ. "ಒಳ್ಳೇದು," ಎಂದು ಬ್ರೆಡ್ಡಿನ ಕೊನೆಯ ತುಂಡು ಬಾಯಿಗೆ ಹಾಕಿಕೊಂಡು ಗ್ಯಾರೇಜಿಗೆ ಎದ್ದು ಬಂದ.

ರೂಫಸ್ ಅಲ್ಲೇ ಬಂದು ನಿಂತಿದ್ದ. ಕಾರು ಕಾರ್ಖಾನೆಯ ತಗಡು ಒತ್ತುವ ಪ್ರೆಸ್ ಶಾಪಿನಲ್ಲಿ ಮೂವತ್ತೊಂದು ವರ್ಷ ಎದುರುಬದುರು ನಿಂತು ದುಡಿದವನು, ಗಂಟಲಿನಲ್ಲಿ ಒಳ್ಳೆ ಡ್ರಮ್ಮು ಇಟ್ಟುಕೊಂಡವನು. ಬಾಗಿಲಿನ ಮೇಲಿನ ಪೆನ್ಸಿಲ್ ಗೆರೆ ನೋಡಿ ಟೋಪಿ ತೆಗೆದು ಎದೆಗೆ ಹಿಡಿದ, ಹೆಣದ ಮುಂದೆ ಹಿಡಿಯುವ ಹಾಗೆ.

"ಹೊದಿಕೆ ಬೇಕಾದ್ರೆ ಹೊಸದು ತರಿಸ್ಬೋದು ಕಣೋ. ತಗಡು ತರಿಸೋಕಾಗುತ್ತಾ? ಇನ್ನೊಂದ್ಸಲ ಯೋಚ್ನೆ ಮಾಡು."

"ಹಿಡ್ಕೋತೀಯೋ ಮನೆಗೆ ಹೋಗ್ತೀಯೋ?"

"ಹಿಡ್ಕೋತೀನಿ. ಪಾಪದಲ್ಲಿ ನಂಗೂ ಒಂದು ಪಾಲು ಇರ್ಲಿ."

ಕೊಯ್ಯುವುದಕ್ಕೆ ನಾಲ್ಕು ನಿಮಿಷವೂ ಹಿಡಿಯಲಿಲ್ಲ. ತಗಡಿನ ಬಿಲ್ಲೆ ಕಳಚಿ ಬಾಗಿಲಿನ ಹೊಟ್ಟೆಯೊಳಗೆ ಬಿದ್ದಾಗ ವೆಂಡಲ್‌ಗೆ ಬೆನ್ನು ಬೆವರಿತು. ಇಂಥ ತಗಡುಗಳನ್ನು ದಿನಕ್ಕೆ ಸಾವಿರ ಒತ್ತಿದವನು ಅವನು. ಪ್ರೆಸ್ಸು ಕೆಳಗಿಳಿದರೆ ನೆಲ ಅದುರಿ ಹಲ್ಲು ಕಟಕಟ ಎನ್ನುತ್ತಿತ್ತು. ಮೊದಮೊದಲು ಕಿವಿಗೆ ಯಾರೂ ಏನೂ ಕೊಡುತ್ತಿರಲಿಲ್ಲ, ಸಿಗರೇಟಿನ ತುದಿ ಮುರಿದು ತುರುಕಿಕೊಳ್ಳುತ್ತಿದ್ದರು. ಆ ಗದ್ದಲದಲ್ಲೂ ಅವರು ಎಂಟು ಗಂಟೆ ಹರಟುತ್ತಿದ್ದರು. ಕೈ ತಲೆಗಿಟ್ಟರೆ ಮೇಸ್ತ್ರಿ ಬಂದ, ಎರಡು ಬೆರಳು ಎತ್ತಿದರೆ ಕಾಫಿ, ಉಳಿದದ್ದೆಲ್ಲ ಬರೀ ಬಾಯಿ. ಯಾರ ಮಗಳು ಯಾರ ಜೊತೆ ಓಡಿಹೋದಳು, ಯಾರ ಹೆಂಡತಿಗೆ ಹುಷಾರಿಲ್ಲ, ಯೂನಿಯನ್ ಚುನಾವಣೆಯಲ್ಲಿ ಯಾರು ಕಳ್ಳ, ಎಲ್ಲ ಆ ಕಡೆಯ ಪ್ರೆಸ್ಸಿನಿಂದ ಈ ಕಡೆಯ ಪ್ರೆಸ್ಸಿಗೆ ದಾಟಿ ಬರುತ್ತಿತ್ತು. ರೂಫಸ್ ಅಲ್ಲಿಂದ ಒಂದು ಪೋಲಿ ಜೋಕು ಹೇಳಿದರೆ ವೆಂಡಲ್ ಇಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಅಷ್ಟು ಗದ್ದಲದಲ್ಲಿ ಕೇಳಿಸುತ್ತಿತ್ತಲ್ಲ ಎಂದು ಅವನಿಗೆ ತನ್ನ ಕಿವಿಯ ಮೇಲೆ ಅಭಿಮಾನವಿತ್ತು.

ಇನ್ನೊಂದು ಬಾಗಿಲಿನ ಹೊದಿಕೆಯನ್ನೂ ಬಿಚ್ಚಿ ಕೊಯ್ದು, ಎರಡಕ್ಕೂ ಸ್ಪೀಕರ್ ಕೂರಿಸಿ, ತಂತಿ ಎಳೆಯಲು ಡ್ಯಾಶಿನ ಕೆಳಗೆ ಬೆನ್ನು ಹಾಕಿ ಮಲಗಿದ. ಟಾರ್ಚು ಬಾಯಲ್ಲಿ. ತೆರೆದ ಬಾಗಿಲಿನ ಆಚೆ ನೆಲದ ಮೇಲೆ ನೆಲ್ಡಾಳ ನೀಲಿ ಚಪ್ಪಲಿ ಬಂದು ನಿಂತವು. ಚಹಾ ತಂದಿರಬೇಕು ಎಂದುಕೊಂಡ. ಚಪ್ಪಲಿಗಳು ನಿಂತೇ ಇದ್ದವು. ಒಂದು ಚಪ್ಪಲಿ ಇನ್ನೊಂದರ ಮೇಲೆ ಏರಿತು, ಇಳಿಯಿತು. ಹಿಮ್ಮಡಿ ಎತ್ತಿತು. ಸ್ವಲ್ಪ ಹೊತ್ತಾದ ಮೇಲೆ ತಿರುಗಿ ಹೋದವು. ಟೇಪು ಸುತ್ತಿ ಮುಗಿಸಿ ಅವನು ಹೊರಗೆ ಬಂದಾಗ ಚಹಾ ಎಲ್ಲೂ ಇರಲಿಲ್ಲ. ರೂಫಸ್ ಬೆಂಚಿಗೊರಗಿ ಅವನನ್ನು ವಿಚಿತ್ರವಾಗಿ ನೋಡುತ್ತಿದ್ದ.

"ಒಂದು ಉತ್ತರ ಕೊಡಬಾರ್ದಾ ಅವ್ಳಿಗೆ?"

"ಯಾವುದಕ್ಕೆ?"

"ಹೊಲಿಗೆ ಮಿಷನ್ ಒಯ್ಲಾ, ಇಲ್ಲೇ ಬಿಡ್ಲಾ ಅಂತ ಎರಡು ಸಲ ಕೇಳಿದ್ಳು. ನೀನು ತಂತಿ ಹಿಡ್ಕೊಂಡು ಬಿದ್ದಿದ್ದೆ, ಸತ್ತವನ ಹಾಗೆ."

"ನಂಗೆ... ಬಾಯಲ್ಲಿ ಟಾರ್ಚ್ ಇತ್ತು," ಎಂದ ವೆಂಡಲ್.

ವೆಂಡಲ್ ಹೋಗಿ ಕೀಲಿ ತಿರುಗಿಸಿ ಹಾಡು ಹಾಕಿದ. ಎರಡೂ ಬಾಗಿಲು ಎದೆಯೊಳಗೆ ಗುಮ್ಮೆಂದವು. ಗುಂಡಿ ಇನ್ನಷ್ಟು ತಿರುಗಿಸಿದ. ಕಂಚಿನ ತಟ್ಟೆ ಇಲ್ಲ. ಇನ್ನಷ್ಟು ತಿರುಗಿಸಿದ. ಬೆಂಚಿನ ಮೇಲಿದ್ದ ಮೊಳೆಗಳು ಡಬ್ಬಿಯಲ್ಲಿ ಕುಣಿಯುತ್ತಿದ್ದವು, ಕುಣಿಯುವುದು ಕಾಣುತ್ತಿತ್ತು. ಹಾಡುವವನ ಉಸಿರಿಲ್ಲ. ತಿರುಗಿ ನೋಡಿದರೆ ರೂಫಸ್ ಎರಡೂ ಕಿವಿ ಮುಚ್ಚಿಕೊಂಡು, ಮುಖ ಕಿವುಚಿ, ನಿಲ್ಸು ನಿಲ್ಸು ಎನ್ನುತ್ತಿದ್ದ. ರಸ್ತೆಯಾಚೆಯ ಮನೆಯ ಮುದುಕಿ ಬಾಗಿಲಿಗೆ ಬಂದು ನಿಂತಿದ್ದಳು. ವೆಂಡಲ್ ನಿಲ್ಲಿಸಿದ.

"ಇದೂ ಅಷ್ಟೇ," ಎಂದ. "ಮೇಲಿನ ಸದ್ದೇ ಬರ್ತಿಲ್ಲ. ಪುಟ್ಟ ಟ್ವೀಟರ್ ಸ್ಪೀಕರ್ ಬೇರೆ ಹಾಕ್ಬೇಕು."

"ಎಲ್ಲಾ ಬರ್ತಿದೆ ವೆಂಡಲ್. ನನ್ನ ಹಲ್ಲಿಗೇ ಬಂತು." ರೂಫಸ್ ಹತ್ತಿರ ಬಂದು ಟೋಪಿ ಎತ್ತಿ ಕಿವಿ ತೋರಿಸಿದ. ಕಿವಿಯ ಹಿಂದೆ ಗೋಡಂಬಿಯಷ್ಟು ದೊಡ್ಡ ಒಂದು ಕಂದು ಯಂತ್ರವಿತ್ತು. "ಮಾರ್ಚಲ್ಲಿ ಹಾಕಿಸ್ಕೊಂಡೆ. ಪ್ರೆಸ್ಸಲ್ಲಿ ನಮಗ್ಯಾರಿಗೂ ಏನೂ ಕೇಳ್ತಿರ್ಲಿಲ್ಲ ಕಣೋ. ಬಾಯಿ ನೋಡಿ ಓದ್ತಿದ್ವಿ. ಹೊರಗೆ ಬಂದ ಮೇಲೂ ಅದನ್ನೇ ಮಾಡ್ತಿದೀವಿ, ನಮಗೇ ಗೊತ್ತಾಗದ ಹಾಗೆ. ಎದುರಿಗೆ ಕೂತವರದ್ದು ಪೂರ್ತಿ ಕೇಳುತ್ತೆ. ಕಾರಲ್ಲಿ ಯಾರು ಯಾರ ಮುಖ ನೋಡ್ತಾರೆ?"

"ನಿಂಗೆ ಕಿವುಡು ಬಂದ್ರೆ ಊರಿಗೆಲ್ಲಾ ಬರ್ಬೇಕಾ?"

"ಸರಿ."

"ಮನೇಲಿ ನಂಗೆ ಎಲ್ಲಾ ಕೇಳ್ಸುತ್ತೆ."

"ಸರಿ ಅಂದ್ನಲ್ಲ," ಎಂದ ರೂಫಸ್. ಟೋಪಿ ಹಾಕಿಕೊಂಡು ಹೊರಟವನು ಗ್ಯಾರೇಜಿನ ಬಾಗಿಲಲ್ಲಿ ಬೆನ್ನು ತಿರುಗಿಸಿಯೇ ನಿಂತು ಒಂದು ಕೈ ಎತ್ತಿದ. ಹೋಗಿ ಬರ್ತೀನಿ ಎಂದನೋ, ಇನ್ನೇನಾದರೂ ಎಂದನೋ ತಿಳಿಯಲಿಲ್ಲ.

ವೆಂಡಲ್ ಚಾಲಕನ ಸೀಟಿನಲ್ಲಿ ಕೂತ. ಅವಮಾನ ಎನ್ನುವುದು ಹೀಗೆ ಕೆನ್ನೆಯಿಂದ ಶುರುವಾಗಿ ಕಿವಿಗೆ ಬರುತ್ತದೆ. ಅವನ ಅಪ್ಪನಿಗೆ ಕೊನೆಕೊನೆಗೆ ಏನೂ ಕೇಳುತ್ತಿರಲಿಲ್ಲ. ಕ್ರಿಸ್‌ಮಸ್ ಊಟಕ್ಕೆ ಎಲ್ಲರೂ ಸೇರಿದಾಗ ಅಪ್ಪನನ್ನು ಮೇಜಿನ ತುದಿಯಲ್ಲಿ ಕೂರಿಸಿ, ತಟ್ಟೆ ತುಂಬಿಸಿ, ಅವನ ಬಗ್ಗೆಯೇ ಅವನೆದುರಿಗೇ ಮಾತಾಡುತ್ತಿದ್ದರು. ಅವರಲ್ಲಿ ವೆಂಡಲ್ ಕೂಡ ಇದ್ದ. ಅಪ್ಪ ಎಲ್ಲರ ಮುಖ ನೋಡಿ, ಎಲ್ಲರೂ ನಕ್ಕಾಗ ತಾನೂ ನಗುತ್ತಿದ್ದ, ಒಂದು ಗಳಿಗೆ ತಡವಾಗಿ. ಆ ತಡ ಇವರಿಗೆ ಇನ್ನಷ್ಟು ನಗೆ ತರುತ್ತಿತ್ತು. ವೆಂಡಲ್ ಕಣ್ಣು ಮುಚ್ಚಿದ. ಆಗಸ್ಟಿನ ಮಧ್ಯಾಹ್ನ, ಹುಲ್ಲು ಕತ್ತರಿಸುವ ಯಂತ್ರ ಎಲ್ಲಾದರೂ ಓಡುತ್ತಿರಬೇಕು, ಹಕ್ಕಿಗಳಿರಬೇಕು. ಕಾದ. ಏನೂ ಬರಲಿಲ್ಲ. ತನ್ನ ಉಸಿರಿನ ಸದ್ದೊಂದೇ ತಲೆಯೊಳಗಿಂದ ಬರುತ್ತಿತ್ತು. ಅವನಿಗೆ ಹೆದರಿಕೆಯಾಯಿತು.

ಸೀಟು ಅಲುಗಿ ಕಣ್ಣು ತೆರೆದ. ನೆಲ್ಡಾ ಪಕ್ಕದಲ್ಲಿ ಕೂತಿದ್ದಳು. ಜೂನ್ ಆದ ಮೇಲೆ ಮೊದಲ ಸಲ. ತೊಡೆಯ ಮೇಲೆ ಕೈ ಕಟ್ಟಿಕೊಂಡು, ರಸ್ತೆ ನೋಡುವವಳ ಹಾಗೆ ಗ್ಯಾರೇಜಿನ ಗೋಡೆಯಲ್ಲಿ ನೇತುಹಾಕಿದ ಸ್ಪ್ಯಾನರುಗಳನ್ನು ನೋಡುತ್ತಿದ್ದಳು. ಅಭ್ಯಾಸಬಲದಿಂದ ಅವನೂ ಸ್ಪ್ಯಾನರುಗಳನ್ನೇ ನೋಡಿದ, ಆಮೇಲೆ ಏನೋ ನೆನಪಾದವನಂತೆ ಅವಳ ಕಡೆ ತಿರುಗಿದ. ಅವಳ ತುಟಿ ಆಡುತ್ತಿದ್ದವು. ಎಷ್ಟು ಹೊತ್ತಿನಿಂದಲೋ.

"ಈ ಕಡೆ ತಿರುಗಿ ಹೇಳು," ಎಂದ.

ಅವಳು ತಿರುಗಿದಳು. "ಕಾರು ಕೊಯ್ದುಬಿಟ್ಟೆಯಲ್ಲ, ಅಷ್ಟು ಪ್ರೀತಿಯ ಕಾರು, ಅಂದೆ. ನನ್ನ ಹೋಗು ಅನ್ನೋಕೆ ಇಷ್ಟೂ ಹೊತ್ತು ಹಿಡೀಲಿಲ್ಲ ನಿಂಗೆ."

"ನಾನೆಲ್ಲಿ ಹೋಗು ಅಂದೆ? ನೀನೇ ನಿರ್ಧಾರ ಮಾಡ್ಕೊಂಡು ಬಂದು ಹೇಳ್ದೆ. ಒಂದು ಮಾತು ಕೇಳ್ಲಿಲ್ಲ."

ನೆಲ್ಡಾ ಅವನನ್ನು ನೋಡಿದಳು. ಅವಳ ಕಣ್ಣಿನಲ್ಲಿ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಿತ್ತು. "ಕೇಳ್ಲಿಲ್ವಾ? ಇದೇ ಸೀಟಲ್ಲಿ ಕೂತು ಕೇಳ್ದೆ. ಮೀನು ತಿಂದು ಬರೋವಾಗ. ಮನೇಲಿ ನೀನಿದ್ರೂ ನಾನು ಒಂಟಿ ಅಂದೆ. ವರ್ನಾ ಕರೀತಿದಾಳೆ, ನಂಗೆ ಹೋಗೋ ಮನಸ್ಸಿಲ್ಲ, ನೀನು ಇರು ಅಂದ್ರೆ ಇರ್ತೀನಿ ಅಂದೆ. ಎರಡು ವಾರದಿಂದ ಆ ಮಾತು ಕಟ್ಟಿಟ್ಕೊಂಡಿದ್ದೆ ವೆಂಡಲ್. ನೀನು ಮುಖ ಕೂಡ ತಿರುಗಿಸ್ಲಿಲ್ಲ. ಒಳ್ಳೇದು, ಒಳ್ಳೇದು ಅಂದು ಹಾಡು ಜೋರು ಮಾಡ್ದೆ."

ಅವನ ಕೈ ಸ್ಟಿಯರಿಂಗಿನ ಮೇಲೆ ಹಾಗೇ ನಿಂತಿತು. ಈ ಬೇಸಿಗೆಯಲ್ಲಿ ಅವನಿಗೆ ಉಳಿದಿದ್ದ ಆ ಒಂದೇ ಒಳ್ಳೆಯ ದಿನ ಕಣ್ಣೆದುರಿಗೇ ತಲೆಕೆಳಗಾಯಿತು. ಆ ತಲೆವಸ್ತ್ರ, ಆ ಮಡಚುವುದು, ಎಲ್ಲದಕ್ಕೂ ಬೇರೆಯೇ ಅರ್ಥ. ಹೇಳುವುದಕ್ಕೆ ಎರಡೇ ದಾರಿಯಿದ್ದವು. ಮನಸ್ಸು ಕಲ್ಲಾಗಿತ್ತು ಎಂದರೆ ಗಂಡಸಾಗಿಯೇ ಉಳಿಯಬಹುದು. ಇನ್ನೊಂದನ್ನು ಹೇಳಿದರೆ ಮೇಜಿನ ತುದಿಯಲ್ಲಿ ಅಪ್ಪನ ಕುರ್ಚಿ.

"ನಂಗೆ ಕೇಳ್ಸಿರ್ಲಿಲ್ಲ," ಎಂದ.

"ಸುಳ್ಳು ಹೇಳ್ಬೇಡ."

"ಕಾರಲ್ಲಿ ನೀನು ಹೇಳಿದ್ದು ಯಾವುದೂ ಕೇಳಿಲ್ಲ ನೆಲ್ಡಾ. ಸುಮಾರು ವರ್ಷದಿಂದ. ಸುಮ್ನೆ ಹೂಂ ಅಂತಿದ್ದೆ."

"ಮೇಜಿನ ಹತ್ರ ಪಿಸುಗುಟ್ಟಿದ್ರೂ ಕೇಳುತ್ತೆ ನಿಂಗೆ. ಬೇಡವಾದ ಮಾತು ಬಂದಾಗ ಮಾತ್ರ ಕೇಳ್ಸಲ್ಲ ಅನ್ನು. ಅದನ್ನಾದ್ರೂ ನೆಟ್ಟಗೆ ಹೇಳು, ಭಾನುವಾರ ಹಗುರಾಗಿ ಹೋಗ್ತೀನಿ." ಅವಳು ಬಾಗಿಲಿನ ಹಿಡಿಗೆ ಕೈ ಹಾಕಿದಳು. ಹೊದಿಕೆ ಬಿಚ್ಚಿದ್ದ ಬಾಗಿಲಿನಲ್ಲಿ ಹಿಡಿ ಬರೀ ಒಂದು ಕಡ್ಡಿಯಾಗಿತ್ತು.

ಎಷ್ಟು ಚೆನ್ನಾಗಿ ಮುಚ್ಚಿಟ್ಟಿದ್ದ ಎಂದರೆ, ಈಗ ತೆರೆದು ತೋರಿಸಿದರೂ ನಂಬುವವರಿಲ್ಲ. ಅವನು ಅವಳ ತೋಳು ಹಿಡಿದ. "ಕಿಟಕಿ ಕಡೆ ಮುಖ ಮಾಡು," ಎಂದ. "ಏನಾದ್ರೂ ಹೇಳು. ಏನು ಬೇಕಾದ್ರೂ. ಯಾವಾಗ್ಲೂ ಹೇಳೋ ಹಾಗೇ ಹೇಳು. ದಮ್ಮಯ್ಯ, ಒಂದ್ಸಲ."

ನೆಲ್ಡಾ ಕಿಟಕಿಯ ಕಡೆ ತಿರುಗಿದಳು. ಅವನಿಗೆ ಕಂಡದ್ದು ಅವಳ ಬಿಳಿಗೂದಲು, ಕಿವಿ, ಕಿವಿಯ ಕೆಳಗೆ ದವಡೆಯ ಮೂಳೆ. ದವಡೆ ಆಡಿತು. ನಿಂತಿತು. ಮತ್ತೆ ಆಡಿತು. ಅವನು ಉಸಿರು ಹಿಡಿದು, ಮೈಯೆಲ್ಲ ಕಿವಿಯಾಗಿ ಮುಂದಕ್ಕೆ ಬಾಗಿದ. ದೂರದ ಗೋಡೆಯ ಆಚೆ ಯಾರೋ ಕುರ್ಚಿ ಎಳೆದಂಥ ಒಂದು ಸದ್ದು ಬಂತು, ಅದೂ ಬಂತೋ ಇಲ್ಲವೋ. ಮಾತು ಮುಗಿಯಿತೋ ನಡೆಯುತ್ತಿದೆಯೋ ಗೊತ್ತಾಗಲಿಲ್ಲ. ಇಷ್ಟು ವರ್ಷ ಇಂಥ ಕಡೆಯಲ್ಲೇ ಅವನು ಒಳ್ಳೇದು ಎನ್ನುತ್ತಿದ್ದದ್ದು. ಆ ಪದ ಈಗಲೂ ನಾಲಿಗೆಯ ತುದಿಗೆ ಬಂದು ನಿಂತಿತ್ತು.

"ಹೋಗ್ಬೇಡ," ಎಂದ.

ಅವಳು ಅಲುಗಾಡಲಿಲ್ಲ.

"ಹೋಗ್ಬೇಡ. ಇರು."

ಅವಳು ಮೆಲ್ಲಗೆ ತಿರುಗಿದಳು. ಕಣ್ಣು ತುಂಬಿದ್ದವು. ಅವನ ಮುಖವನ್ನು ಮೊದಲ ಸಲ ನೋಡುವವಳ ಹಾಗೆ ಹಣೆಯಿಂದ ಗಲ್ಲದವರೆಗೆ ನೋಡಿದಳು.

"ನಾನು ಕೇಳಿದ್ದು ಅದಲ್ಲ," ಎಂದಳು.

"ಮತ್ತೇನು?"

"ರಾತ್ರಿಗೆ ಬೀನ್ಸ್ ಸಾಕಾ, ಜೊತೆಗೆ ಮೆಕ್ಕೆಜೋಳದ ಬ್ರೆಡ್ಡೂ ಮಾಡ್ಲಾ ಅಂತ."

ವೆಂಡಲ್ ತಲೆ ತಗ್ಗಿಸಿದ. ಎಣ್ಣೆ ಮೆತ್ತಿದ ಕೈಗಳನ್ನು ನೋಡಿಕೊಂಡ. "ಅದಕ್ಕೂ ಅದೇ ಉತ್ತರ," ಎಂದ.

ನೆಲ್ಡಾ ಅವನ ಗಲ್ಲ ಹಿಡಿದು ಮುಖ ಮೇಲೆತ್ತಿದಳು. ಆಮೇಲೆ ಚಪ್ಪಲಿ ಕಳಚಿ, ಎರಡೂ ಕಾಲು ಸೀಟಿನ ಮೇಲಿಟ್ಟುಕೊಂಡು, ಪೂರ್ತಿ ಅವನ ಕಡೆ ತಿರುಗಿ ಕೂತು, ಮೀನು ತಿಂದು ಬರುವಾಗ ಹೇಳಿದ್ದನ್ನು ಮೊದಲಿನಿಂದ ಹೇಳತೊಡಗಿದಳು.